ಸ್ಪಷ್ಟನೆ: ‘ನಾಟಕ’ವನ್ನು ಹೊರಗಿಟ್ಟರೆ ‘ಕರ್ನಾಟಕ’ವೂ ಹೋಗುತ್ತದೆ

ಹಾಡು-ವಿಡಿಯೊಗಳನ್ನು ಪಟ್ಟಿಮಾಡಿ ನುಡಿಸುವ ಕೋಡಿ (Kodi) ತಂತ್ರಾಂಶವು ಹಾಡುಗಳನ್ನು ಸ್ಕ್ಯಾನ್ ಮಾಡುವಾಗ ತಾಲೀಮಿನ ಧ್ವನಿಮುದ್ರಣಗಳಿರುವ ‘ನಾಟಕ’ ಫೋಲ್ಡರನ್ನು ಬಿಡಬೇಕಾದರೆ ಹೊರಗಿಡುವ ನಿಯಮದಲ್ಲಿ ಆ ಹೆಸರನ್ನಷ್ಟೇ ಬರೆದರೆ ಸಾಕೆಂಬ ಸಂದೇಶವು ಬಳ್ಳಾರಿಯ ರಂಗಗೀತೆ ಆಸಕ್ತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಅರ್ಧಸತ್ಯ. ಈ ನಿಯಮದಲ್ಲಿ ಬರೆಯುವ, ಅಕ್ಷರಗಳ ಮಾದರಿಯನ್ನು ಹುಡುಕುವ ಸೂತ್ರವಾದ ರೆಗ್ಯುಲರ್ ಎಕ್ಸ್‌ಪ್ರೆಶನ್ ಫೋಲ್ಡರಿನ ಹೆಸರನ್ನು ಇಡಿಯಾಗಿ ಹೋಲಿಸುವುದಿಲ್ಲ. ಕಡತದ ಪೂರ್ಣ ವಿಳಾಸದಲ್ಲಿ ಆ ಅಕ್ಷರಗಳು ಎಲ್ಲಿ ಸಾಲಾಗಿ ಸಿಕ್ಕರೂ ಹೊಂದಿಕೆಯಾಯಿತೆಂದೇ ಎಣಿಸುತ್ತದೆ. ಹೀಗಾಗಿ ‘ಕರ್ನಾಟಕ ಸಂಗೀತ’ ಎಂಬ ಫೋಲ್ಡರೂ (‘ರ್’ ಅನ್ನು ಸೂಚಿಸುವ ಅರ್ಕಾವೊತ್ತು ಕಣ್ಣಿಗೆ ‘ನಾ’ದ ನಂತರ ಕಂಡರೂ ಯುನಿಕೋಡ್ ಸಾಲಿನಲ್ಲಿ ಅದಕ್ಕಿಂತ ಮೊದಲೇ ಇರುತ್ತದೆ) ಸದ್ದಿಲ್ಲದೆ ಹೊರಗುಳಿಯುತ್ತದೆ. ಎರಡೂ ಬದಿಗೆ ಓರೆಗೆರೆಯ ಗುರುತು ಸೇರಿಸಿ [\\/]ನಾಟಕ[\\/] ಎಂದು ಬರೆಯುವುದೇ ಸರಿ. ಅದನ್ನೂ ಕೋಡಿಯ ಸೆಟ್ಟಿಂಗ್ಸ್ ಕಡತದ (advancedsettings.xml) ವಿಡಿಯೊ ವಿಭಾಗದಲ್ಲಲ್ಲ, ಆಡಿಯೊ ವಿಭಾಗದಲ್ಲಿ ಬರೆಯಬೇಕು. ಹೊರಗಿಟ್ಟ ಹಾಡುಗಳು ಡಿಸ್ಕಿನಿಂದಲೇ ಅಳಿಸಿಹೋಗುತ್ತವೆಂಬ ಮಾತಂತೂ ಪೂರ್ತಿ ಸುಳ್ಳು.