ಕೈಮಷೀನು ಕ್ವೀನ್ಸ್‌ಗೆ ಸರಿ, ಕೋಲಾರಕ್ಕೆ?

ಕೈಯಲ್ಲಿ ತಿರುಗಿಸುವ ವಾಷಿಂಗ್ ಮಷೀನು ಕರೆಂಟಿಲ್ಲದ ಹಳ್ಳಿ ಹೆಂಗಸರಿಗೆ ವರ ಅಂತ ಅಮೆರಿಕದಲ್ಲಿ ಯಾರಾದರೂ ಹೇಳಿದರೆ ನನಗೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ನಮ್ಮೂರಿನ ನೀರು ನೆನಪಾಗುತ್ತೆ. ನಾನು ಕಂಡ ಮಟ್ಟಿಗೆ ಆ ಮಷೀನು ಹೆಚ್ಚು ಉಪಯೋಗಕ್ಕೆ ಬರುವುದು ನಾನೀಗಿರುವ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ.

ಇಲ್ಲಿನ ಹಳೇ ಕಟ್ಟಡಗಳ ಪೈಪು ತಡೆಯಲ್ಲ ಅಂತ ಎಷ್ಟೋ ಬಾಡಿಗೆ ಕರಾರುಗಳಲ್ಲೇ ಮನೆಯೊಳಗೆ ಮಷೀನು ಇಡಕೂಡದು ಅಂತ ಬರೆದಿರುತ್ತಾರೆ. ಬಟ್ಟೆ ಮೂಟೆ ಹೊತ್ತು ಬೀದಿಯ ಲಾಂಡ್ರೊಮ್ಯಾಟಿಗೆ ಹೋಗಿ, ಅಲ್ಲಿನ ಮಷೀನಿಗೆ ದುಡ್ಡು ಹಾಕಿ, ಕಾಯುತ್ತಾ ಕೂರಬೇಕು. ಮಂಜು ಬೀಳುವ ದಿನ ನಾಲ್ಕು ಬನಿಯನ್ನಿಗೆ ಯಾರು ಹೋಗ್ತಾರೆ? ಅಂಥವರಿಗೆ ಈ ಕೈಮಷೀನು ಹೇಳಿ ಮಾಡಿಸಿದ್ದು: ಮೇಜಿನ ಮೇಲೆ ಕೂರುವ ಪ್ಲಾಸ್ಟಿಕ್ ಡ್ರಮ್ಮು, ಗಟ್ಟಿ ಮುಚ್ಚಳ, ಪಕ್ಕಕ್ಕೊಂದು ಹಿಡಿಕೆ. ಸುಮಾರು ಎರಡು ಕೆಜಿ ಬಟ್ಟೆ, ಬಿಸಿನೀರು, ಚೂರು ಸೋಪಿನಪುಡಿ. ಒಂದೆರಡು ನಿಮಿಷ ತಿರುಗಿಸಿದರೆ ಆಯ್ತು. ಮುಚ್ಚಿದ ಡ್ರಮ್ಮಿನೊಳಗೆ ಒತ್ತಡ ಹುಟ್ಟಿ ಸೋಪು ನೂಲಿನೊಳಕ್ಕೆ ನುಗ್ಗುತ್ತೆ ಅನ್ನೋದು ಮಾರುವವರ ಮಾತು. ನನಗೇನೋ ಆ ಒತ್ತಡಕ್ಕಿಂತ ನೀರಿನ ಪಾಲೇ ದೊಡ್ಡದು ಅನ್ನಿಸುತ್ತೆ. ಕ್ಯಾಟ್‌ಸ್ಕಿಲ್ ಬೆಟ್ಟಗಳ ಜಲಾಶಯಗಳಿಂದ ನ್ಯೂಯಾರ್ಕಿಗೆ ಬರುವುದು ಮೆದು ನೀರು. ಪುಡಿ ಸ್ವಲ್ಪ ಹೆಚ್ಚಾದರೆ ನೊರೆ ಕಳೆಯೋದೇ ಕಷ್ಟ.

ಕೋಲಾರದಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ನಿಂದ ಬರುವ ಉಪ್ಪುನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿರುತ್ತೆ. ಸೋಪು ಮೊದಲು ಅವುಗಳ ಜೊತೆ ಸೇರಿ ಬೂದು ಗಸಿಯಾಗಿ ಬಟ್ಟೆಗೇ ಅಂಟುತ್ತೆ, ಉಳಿದದ್ದಷ್ಟೇ ಕೊಳೆಗೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಅದು ಅಂತರ್ಜಲ ಹೆಚ್ಚಲಿ ಅಂತ ಬಿಟ್ಟ ನೀರು. ಕೆರೆ ತುಂಬಿದರೂ ಬಕೆಟ್ಟಿನಲ್ಲಿ ಸೋಪು ನೊರೆ ಬರುವ ಹಾಗಾಗಿಲ್ಲ.

ಜರ್ಮನಿಯ ಸೋಪಿನಪುಡಿ ಕಂಪನಿ ಹೆಂಕೆಲ್‌ನಲ್ಲಿದ್ದ ಹರ್ಬರ್ಟ್ ಸಿನ್ನರ್ 1959ರಲ್ಲಿ ಒಂದು ಲೆಕ್ಕ ಕೊಟ್ಟರು: ಕೊಳೆ ಹೋಗಲು ಸೋಪು, ಬಿಸಿ, ಪೆಟ್ಟು, ಹೊತ್ತು ಈ ನಾಲ್ಕೂ ಬೇಕು, ಒಂದು ಕಮ್ಮಿಯಾದರೆ ಉಳಿದದ್ದನ್ನು ಹೆಚ್ಚಿಸಬೇಕು. ನಮ್ಮೂರಲ್ಲಿ ನೀರು ಸೋಪಿನ ಬಲ ಕಿತ್ತುಕೊಳ್ಳುತ್ತೆ. ಹಿತ್ತಲಿನ ಒಗೆಯುವ ಕಲ್ಲು ಆ ಕೊರತೆಯನ್ನು ಪೆಟ್ಟಿನಿಂದ ತುಂಬುತ್ತೆ, ಹಿಂದಿನ ರಾತ್ರಿ ನೆನೆಹಾಕೋದು ಹೊತ್ತಿನಿಂದ ತುಂಬುತ್ತೆ. ಮಡಿವಾಳರು ಚೌಳುಮಣ್ಣಲ್ಲಿ ಅದ್ದಿ ಉಬ್ಬೆ ಹಾಕುತ್ತಿದ್ದದ್ದರಲ್ಲಿ, ಅಂದರೆ ಹಬೆಯಲ್ಲಿ ಬೇಯಿಸುತ್ತಿದ್ದದ್ದರಲ್ಲಿ, ಕ್ಷಾರ, ಬಿಸಿ ಎರಡೂ ಇದ್ದವು. ಇಷ್ಟೆಲ್ಲ ಮಾಡುವ ಕೆಲಸವನ್ನು ಎರಡು ನಿಮಿಷ ಡ್ರಮ್ಮು ತಿರುಗಿಸಿ ಮುಗಿಸ್ತೀನಿ ಅಂದರೆ, ತೋಟದಿಂದ ಬಂದ ಪಂಚೆಯ ಮೇಲಿನ ಮಾವಿನ ಸೊನೆ ಕಲೆ ನಗುತ್ತೆ.

ಹಾಗಾದರೆ ಊರಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಮಷೀನೇ ಬೇಡವಾ? ಬೇಕು. ಅವರ ಮನೆಯಲ್ಲಿ ಸೆಮಿ ಆಟೊಮ್ಯಾಟಿಕ್ ಇದೆ. ನಲ್ಲಿ ನೀರಿನ ರಭಸ ಬೇಡ, ಕೊಡದಲ್ಲಿ ಸುರಿದರೂ ಆಗುತ್ತೆ, ಅದಕ್ಕೇ ನಮ್ಮ ಕಡೆ ಅದು ಓಡುತ್ತೆ. ಆದರೆ ಅವರು ಒಗೆಯುವ ಕಡೆಯ ಟಬ್ಬಿನಲ್ಲಿ ಹಳೇ ಚೀಲ ತುಂಬಿಟ್ಟಿದ್ದಾರೆ! ಕಲ್ಲಿನ ಮೇಲೆ ಒಗೆದು, ಜಾಲಿಸಿ, ಪಕ್ಕದ ಡ್ರೈಯರ್‌ಗೆ ಹಾಕ್ತಾರೆ. ಫೋನಿನಲ್ಲಿ ಕೈಮಷೀನು ತೋರಿಸಿದಾಗ ಅವರು ಕೇಳಿದ್ದು ಒಂದೇ: "ಹಿಂಡುತ್ತೇನಪ್ಪಾ ಅದು?"

ಹಿಂಡಲ್ಲ. ನಾನು ನೋಡಿದ ಮೇಜಿನ ಮಷೀನು ನೀರು ಬಸಿಯುತ್ತೆ, ಅಷ್ಟೇ. ಹಿಂಡೋದು ನಾವೇ. ಬಟ್ಟೆ ಒಗೆಯುವುದರಲ್ಲಿ ಅತೀ ಕಷ್ಟದ ಭಾಗ ಅದೇ ಅನ್ನೋದು ಒದ್ದೆ ಬೆಡ್‌ಶೀಟ್ ಹಿಡಿದವರಿಗೆ ಗೊತ್ತು. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು ತಿರುಚಬೇಕು. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಯಲ್ಲಿ ಆ ತುದಿ ಹಿಡಿಯೋರು ಯಾರು? ಮಣಿಕಟ್ಟು ನೋವಿರುವವರ ಕಥೆಯಂತೂ ಬೇಡ.

ಈ ಕಷ್ಟ ಕಂಡವರು ಇಲ್ಲದಿಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ರೆಮ್ಯಾ ಜೋಸ್ ಇನ್ನೂ ಶಾಲೆಯಲ್ಲಿದ್ದಾಗಲೇ ಸೈಕಲ್ ಪೆಡಲಿನ ಮಷೀನು ಮಾಡಿದರು. ನೀರು ಬಿಟ್ಟ ಮೇಲೆ ಮತ್ತೆ ತುಳಿದರೆ ಅದೇ ಜಾಲರಿ ಡ್ರಮ್ಮು ಬಟ್ಟೆಯ ನೀರನ್ನೂ ಕೊಡವುತ್ತೆ. ಬ್ರಿಟನ್ನಿನ ಎಂಜಿನಿಯರ್ ನವಜೋತ್ ಸಾಹ್ನಿ ತಮಿಳುನಾಡಿನ ಕುಯಿಲಾಪಾಳ್ಯಂನಲ್ಲಿದ್ದಾಗ ಪಕ್ಕದ ಮನೆಯ ದಿವ್ಯಾ ಬಟ್ಟೆ ಒಗೆಯುವ ಪಾಡು ನೋಡಿ, ಆಮೇಲೆ ಅವರ ಹೆಸರಲ್ಲೇ ಕೈಮಷೀನು ತಂದರು. ಸೊಪ್ಪಿನ ನೀರು ಕೊಡವುವ ಸಲಾಡ್ ಸ್ಪಿನ್ನರ್‌ನಿಂದ ಹೊಳೆದ ಯೋಚನೆಯದು. ಇರಾಕಿನ ನಿರಾಶ್ರಿತರ ಶಿಬಿರಕ್ಕೂ ಅದು ಹೋಗಿದೆ. ಅಲ್ಲಿ ಕಲ್ಲೂ ಇಲ್ಲ, ಹಿತ್ತಲೂ ಇಲ್ಲ. ಪೂರ್ತಿ ಮಷೀನೇ ಬೇಕಾಗಬಹುದು.

ನಮ್ಮ ಜಿಲ್ಲೆಗೆ ಬೇಕಿರೋದು ಅದರಲ್ಲಿ ಅರ್ಧ, ಹಿಂಡುವ ಅರ್ಧ ಮಾತ್ರ. ಈಗ ಮನೆಮನೆಯಲ್ಲೂ ನೆಲ ಒರೆಸಲು ತಿರುಗುವ ಮಾಪ್ ಬಕೆಟ್ ಇದೆಯಲ್ಲ, ಅದರ ಬುಟ್ಟಿಯನ್ನೇ ಒಂದು ಸೀರೆ, ಒಂದು ಬೆಡ್‌ಶೀಟ್ ಹಿಡಿಯುವಷ್ಟು ದೊಡ್ಡದು ಮಾಡಿ, ಅಲುಗಾಡದ ಹಾಗೆ ಕಬ್ಬಿಣದ ಕಾಲು ಕೊಟ್ಟು, ಹಿಡಿಕೆ ಹಾಕಿಕೊಡಿ. ಕರೆಂಟು ಹೋದ ದಿನವೂ ನಡೆಯುತ್ತೆ, ಹಿಂಡಿದ ನೀರು ಕೆಳಗೆ ಬಕೆಟ್ಟಿಗೆ ಬಿದ್ದರೆ ತೆಂಗಿನ ಬುಡಕ್ಕಾಗುತ್ತೆ. ಒಗೆಯುವ ಗೋಜು ಅದಕ್ಕೆ ಬೇಡ, ಕಲ್ಲಿದೆ. ಅಂಥದ್ದು ಕೋಲಾರದ ಪಾತ್ರೆ ಅಂಗಡಿಗೆ ಬಂದರೆ ಮೊದಲ ಗಿರಾಕಿ ನಮ್ಮ ಚಿಕ್ಕಮ್ಮ. ಬಿಲ್ಲು ಮಾತ್ರ ಕ್ವೀನ್ಸ್‌ಗೆ ಕಳಿಸ್ತಾರೆ.