ಕೆಮ್ಮು ಬಂದರೆ ಒಳ್ಳೆ ಎಣ್ಣೆಯಂತೆ!

ದುಬಾರಿ ಆಲಿವ್ ಎಣ್ಣೆಗೆ ಅಷ್ಟೊಂದು ದುಡ್ಡು ಕೊಡಬಹುದಾ? ಕೊಡಬಹುದು, ಅಡುಗೆಮನೆ ಅಮ್ಮನ ಕೈಯಲ್ಲಿ ಇಲ್ಲದಿದ್ದರೆ.

ನನ್ನ ತಮ್ಮ ಅರ್ಧ ಲೀಟರಿಗೆ ಎರಡು ಸಾವಿರದ ಹತ್ತಿರ ಸುರಿದು ಒಂದು ಬಾಟಲಿ ತಂದ. ಅಮ್ಮನಿಗೆ ಗೊತ್ತಿದ್ದದ್ದು ಮೆಡಿಕಲ್ ಶಾಪಿನ ಪುಟ್ಟ ಡಬ್ಬಿಯ ಆಲಿವ್ ಎಣ್ಣೆ ಮಾತ್ರ, ಎಳೆ ಮಗುವಿನ ಮೈಗೆ ಹಚ್ಚುವಂಥದ್ದು. "ಯಾರ ಬಾಣಂತನವೋ?" ಅಂದಳು. ತಮ್ಮ ಸೀದಾ ಒಂದು ಚಮಚ ಕುಡಿಸಿದ. ಅಮ್ಮ ಕೆಮ್ಮಿದ್ದೇ ಕೆಮ್ಮಿದ್ದು. "ಕಮಟು ಹಿಡಿದಿದೆ ಕಣೋ, ವಾಪಸ್ ಕೊಟ್ಟು ಬಾ."

ತಮ್ಮನಿಗೆ ಖುಷಿಯೋ ಖುಷಿ. ಅವನು ತಂದದ್ದು ಎಕ್ಸ್‌ಟ್ರಾ ವರ್ಜಿನ್, ಅಂದರೆ ಆಲಿವ್ ಎಣ್ಣೆಯಲ್ಲೇ ಮೇಲಿನ ದರ್ಜೆ. ಅದರ ರುಚಿ ನೋಡಿ ದರ್ಜೆ ಕೊಡುವವರು ಕಹಿಯನ್ನೂ ಗಂಟಲಿನ ಖಾರವನ್ನೂ ಗುಣವೆಂದೇ ಬರೆದುಕೊಳ್ಳುತ್ತಾರೆ. ಗಂಟಲು ಕೆರೆಯುವಂತೆ ಮಾಡುವುದು ಆ ಎಣ್ಣೆಯಲ್ಲಿರುವ ಓಲಿಯೋಕ್ಯಾಂಥಾಲ್ ಎಂಬ ಅಂಶ. ಅದು ನೋವು ಕಳೆಯುವ ಐಬುಪ್ರೊಫೇನ್ ಮಾತ್ರೆಯಂತೆ ಕೆಲಸ ಮಾಡುತ್ತದೆ ಎಂದು 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿಜ್ಞಾನಿಗಳೇ ಬರೆದಿದ್ದಾರೆ. ಇಷ್ಟನ್ನೂ ಅವನು ಒಂದೇ ಉಸಿರಿಗೆ ಹೇಳಿದ. ಅಮ್ಮ, "ಹಾಗಾದ್ರೆ ಮಂಡಿಗೆ ಹಚ್ಕೊಳ್ಳಲಾ?" ಅಂದಳು. ಅಲ್ಲ, ಕೆಮ್ಮಿಸುವುದೇ ಗುಣವಾದರೆ ನಮ್ಮನೆ ಒಣಮೆಣಸಿನಕಾಯಿ ಒಗ್ಗರಣೆಗೆ ಯಾವ ಎಣ್ಣೆ ಸಾಟಿ? ಪಕ್ಕದ ಮನೆಯವರೂ ಕೆಮ್ಮುತ್ತಾರೆ.

ಒಂದು ಶುಕ್ರವಾರ ದೀಪದ ಎಣ್ಣೆ ಮುಗಿದಿತ್ತು. ಮುಂದಿನದು ನೀವೇ ಊಹಿಸಿ. ಸ್ಪೇನ್, ಇಟಲಿ ಕಡೆ ತಿನ್ನಲು ಲಾಯಕ್ಕಿಲ್ಲದ ಕೊನೆಯ ದರ್ಜೆಯನ್ನು ದೀಪದ ಎಣ್ಣೆ ಅಂತಲೇ ಕರೆಯುತ್ತಾರೆ. ಅದರಲ್ಲಿ ಆಮ್ಲ ಸಾಮಾನ್ಯವಾಗಿ ಶೇ. 2ಕ್ಕಿಂತ ಜಾಸ್ತಿ. ಎಕ್ಸ್‌ಟ್ರಾ ವರ್ಜಿನ್‌ನಲ್ಲಿ ಶೇ. 0.8 ದಾಟುವಂತಿಲ್ಲ. ನಮ್ಮನೆ ದೇವರಿಗೆ ಸಿಕ್ಕಿದ್ದು ಅದೇ ಮೇಲಿನ ದರ್ಜೆ. ತಮ್ಮ ದೀಪದ ಮುಂದೆ ಕೈಮುಗಿದು ನಿಂತಿದ್ದ. ಭಕ್ತಿಯಿಂದ ಅಂತ ಅಮ್ಮ ಅಂದುಕೊಂಡಳು.

ನನ್ನ ಲೆಕ್ಕ ಇಷ್ಟೇ. ಇದನ್ನು ಬಾಣಲೆಗೆ ಸುರಿದರೆ ದುಡ್ಡು ಕೊಟ್ಟು ತಂದ ಪರಿಮಳ ಆವಿಯಾಗಿ ಹೋಗುತ್ತದೆ. ಸಾಸಿವೆಗೆ ಯಾವ ಎಣ್ಣೆಯಾದರೇನು, ಸಿಡಿದೇ ಸಿಡಿಯುತ್ತದೆ. ಕೋಸಂಬರಿಗೋ ಟೊಮೆಟೊ ಹೋಳಿಗೋ ಹಸಿಯಾಗಿ ಹಾಕಿಕೊಂಡರೆ ಮಾತ್ರ ಕೊಟ್ಟ ಬೆಲೆ ನಾಲಿಗೆಗೆ ತಿಳಿಯುತ್ತದೆ. ಕೊಳ್ಳುವಾಗ ಕಾಯಿ ಕೊಯ್ದ ದಿನಾಂಕ ನೋಡಬೇಕು. ಇದೇನು ವೈನ್ ಅಲ್ಲ, ಇಟ್ಟಷ್ಟೂ ಕೆಡುತ್ತದೆ. ಹಾಗೆ ನೋಡಿದರೆ ಚಟ್ನಿಪುಡಿಗೆ ಗಾಣದ ಕಡ್ಲೆಕಾಯಿ ಎಣ್ಣೆ ಹಸಿಯಾಗೇ ಕಲಸಿ ತಿಂದವರು ನಾವು. ಆ ಜಾಗಕ್ಕೆ ಮಾತ್ರ ಸ್ಪೇನಿನವರನ್ನು ನಾನು ಬಿಟ್ಟುಕೊಳ್ಳುವುದಿಲ್ಲ.

ಉಳಿದ ಎಣ್ಣೆಯನ್ನು ತಮ್ಮ ತನ್ನ ಬೀರುವಿನಲ್ಲಿ ಬಟ್ಟೆಗಳ ಹಿಂದೆ ಬಚ್ಚಿಟ್ಟ. ಬಿಸಿ, ಬೆಳಕು ಎರಡೂ ತಾಗದ ಜಾಗ, ಎಣ್ಣೆಗೆ ಅದೇ ಸರಿ. ಮುಚ್ಚಳ ಮಾತ್ರ ಸಡಿಲವಾಗಿತ್ತು. ಈಗ ಅವನು ಆಫೀಸಿಗೆ ಹೊರಟರೆ ಆ ಎಣ್ಣೆಯದೇ, ಆಗತಾನೆ ಕೊಯ್ದ ಹುಲ್ಲಿನ ವಾಸನೆ. ಅಮ್ಮ ಆ ಶರ್ಟುಗಳನ್ನು ಸೀಗೆಪುಡಿ ಹಾಕಿ ನೆನೆಸಿಟ್ಟಿದ್ದಾಳೆ.