ಒರಿಜಿನಲ್ ಕೊಡಬೇಡಿ, ಜೆರಾಕ್ಸ್ ಕೊಡಿ

ಮೊನ್ನೆ ಕಾರವಾರದಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಯುದ್ಧ ಮತ್ತು ಮಹಿಳೆ ಅನ್ನೋ ವಿಷಯ. ಹಿರಿಯರೊಬ್ಬರು ಮಾತಾಡಿದರು. ಅಂತರ್ಯುದ್ಧ ಆದಲ್ಲೆಲ್ಲ ಮಾನವ ಹಕ್ಕುಗಳಿಗಾಗಿ ಮುಂದೆ ಬಂದವರು ಹೆಂಗಸರು, ಯಾಕಂದ್ರೆ ಅವರದು ತಾಯಿ ಕರುಳು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನಿಂದ ಆಗಲಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದು ಗೊತ್ತು. ಆದರೂ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮ ಅತ್ತೆಯಿಂದ ಶುರು ಮಾಡುತ್ತೇನೆ.

ಮಾವ ಕುಮಟಾ ಕಡೆಯಿಂದ ಬೋಟಿಗೆ ಹೋಗುತ್ತಿದ್ದರು. ಒಂದು ಸಲ ಹೋದವರು ಬರಲಿಲ್ಲ. ನಾನಾಗ ಹೈಸ್ಕೂಲು. ಹೆಣವೂ ಸಿಗಲಿಲ್ಲ. ಅತ್ತೆಯ ಹತ್ತಿರ ಒಂದು ನೀಲಿ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಇತ್ತು. ಅದರಲ್ಲಿ ಮಾವನ ಪಾಸ್‌ಪೋರ್ಟ್ ಸೈಜಿನ ಫೋಟೋ, ರೇಷನ್ ಕಾರ್ಡು, ಠಾಣೆಗೆ ಕೊಟ್ಟ ದೂರಿನ ಪ್ರತಿ. ಮಳೆಗಾಲದಲ್ಲಿ ಆ ಕೊಟ್ಟೆಯನ್ನು ಇನ್ನೊಂದು ಕೊಟ್ಟೆಯೊಳಗೆ ಹಾಕಿ, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಸೆರಗಿನೊಳಗೆ ಅವುಚಿಕೊಂಡು ಬಸ್ಸು ಹತ್ತುತ್ತಿದ್ದಳು. ಹೋದಲ್ಲೆಲ್ಲ ಒಂದೇ ಪ್ರಶ್ನೆ, ಮರಣ ಪತ್ರ ಎಲ್ಲಿ? ಕಾಣೆಯಾದವರ ಸುದ್ದಿ 7 ವರ್ಷ ಬರದಿದ್ದರೆ ಮಾತ್ರ ಸತ್ತಿದ್ದಾರೆ ಅಂತ ನಮ್ಮ ಕಾನೂನು ಹಿಡಿಯುತ್ತದೆ. ಅಲ್ಲಿವರೆಗೆ ವಿಧವಾ ವೇತನವೂ ಇಲ್ಲ, ಮತ್ತೊಂದೂ ಇಲ್ಲ.

ಒಂದು ಸಂಜೆ ಜಗಲಿಯಲ್ಲಿ ಕೂತು ನನ್ನ ಹತ್ತಿರ ಕೇಳಿದ್ದಳು. "ಸತ್ತ ಅಂತ ಬರ್ಕೊಡು ಅಂತಾರೆ. ನಾ ಹ್ಯಾಂಗೆ ಬರ್ಕೊಡ್ಲಿ ತಂಗೀ? ನಾ ಕಂಡಿದ್ನಾ?"

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಕಾಣೆಯಾಯಿತಲ್ಲ, ನೆನಪಿದೆಯಾ? ಏಳು ಜನ. ಅದರಲ್ಲಿ ಐವರು ನಮ್ಮ ಜಿಲ್ಲೆಯವರು. ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಬೋಟಿನ ಅವಶೇಷ ಪತ್ತೆಯಾದ ಸುದ್ದಿ ಬಂದಿದ್ದು 2019ರ ಮೇನಲ್ಲಿ. ಆ ನಾಲ್ಕೈದು ತಿಂಗಳು ಟಿವಿಯಲ್ಲಿ ಆ ಮನೆಗಳ ಹೆಂಗಸರನ್ನು ತೋರಿಸಿದಾಗೆಲ್ಲ ಅತ್ತೆ ಎದ್ದು ಕೂರುತ್ತಿದ್ದಳು. ಅತ್ತಿದ್ದು ನಾನು ನೋಡಿಲ್ಲ. "ಅವ್ರಿಗೆ ಯಾರಾದ್ರೂ ಹೇಳ್ರೋ. ಒರಿಜಿನಲ್ ಯಾರ ಕೈಗೂ ಕೊಡೂದು ಬ್ಯಾಡ. ಜೆರಾಕ್ಸ್ ಕೊಡಿ, ಸೀಲು ಹಾಕಿಸ್ಕೊಳಿ."

ಇದನ್ನು ಕರುಳು ಅಂತೀರಾ? ಕರುಳು ಇದೆ, ಯಾರು ಇಲ್ಲ ಅಂದರು? ಆದರೆ ಇದು ಕಿಟಕಿಯಿಂದ ಕಿಟಕಿಗೆ ಅಲೆದು ಕಲಿತ ವಿದ್ಯೆ. ಕಲಿತದ್ದನ್ನು ತನ್ನ ನಂತರ ಬರುವವಳಿಗೆ ಕೊಡುವ ಆತುರ.

ಪೆರು ದೇಶದ ಆಂಜೆಲಿಕಾ ಮೆಂಡೋಸಾ ಬಗ್ಗೆ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ನೀಲಿ ಕೊಟ್ಟೆ. 1980ರಿಂದ ಅಲ್ಲಿ ಶೈನಿಂಗ್ ಪಾತ್ ಎಂಬ ಮಾವೋವಾದಿ ಗುಂಪಿಗೂ ಸರ್ಕಾರಕ್ಕೂ ಯುದ್ಧ ನಡೆದಿತ್ತು. 1983ರ ಜುಲೈನಲ್ಲಿ ಅಯಕುಚೋ ಊರಿನ ಅವರ ಮನೆಗೆ ಸೈನಿಕರು ನುಗ್ಗಿ 19 ವರ್ಷದ ಮಗ ಅರ್ಕಿಮೆದೆಸ್‌ನನ್ನು ಎಳೆದುಕೊಂಡು ಹೋದರು. ಕೆಲವು ದಿನಗಳ ಮೇಲೆ ಮಗನ ಚೀಟಿ ಬಂತು. ಲಾಸ್ ಕಬಿತೋಸ್ ಎಂಬ ಸೇನಾ ನೆಲೆಯಲ್ಲಿದ್ದೇನೆ, ವಕೀಲರನ್ನು ಹಿಡಿ ಅಂತ. ತಾಯಿ ಗೇಟಿಗೆ ಹೋಗಿ ಕೇಳಿದರೆ, ಅಂಥವರು ಯಾರೂ ಇಲ್ಲಿಲ್ಲ ಅಂದರು.

ನಮ್ಮ ಅತ್ತೆಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಸಮುದ್ರವನ್ನು ಕೇಳಿದರೆ ಅದು ಏನು ಹೇಳೀತು? ಆದರೆ ಆ ಗೇಟಿನೊಳಗೆ ಗೊತ್ತಿದ್ದವರಿದ್ದರು. ಗೊತ್ತಿದ್ದೂ ಇಲ್ಲ ಅಂದರು.

ಆಂಜೆಲಿಕಾ ಹೆಣ ಎಸೆಯುವ ಕೊರಕಲುಗಳಿಗೆ ಇಳಿದು ಹುಡುಕಿದರು. ಹುಡುಕುವಾಗ ತನ್ನಂತೆಯೇ ಹುಡುಕುತ್ತಿದ್ದ ಬೇರೆ ಹೆಂಗಸರು ಸಿಕ್ಕರು. ಹೆಚ್ಚಿನವರ ಮನೆಮಾತು ಕ್ವೆಚುವಾ. ಕಚೇರಿಯ ಭಾಷೆ ಸ್ಪ್ಯಾನಿಷ್. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸೇರಿ ಅನ್ಫಾಸೆಪ್ ಎಂಬ ಸಂಘ ಕಟ್ಟಿದರು. ಅಪ್ಪ ಅಮ್ಮ ಇಲ್ಲದ ಮಕ್ಕಳಿಗೆ ಊಟ ಹಾಕಿದರು. 'ಕೊಲ್ಲಬೇಡ' ಎಂದು ಬರೆದ ಮರದ ಶಿಲುಬೆ ಹೊತ್ತು ಬೀದಿಗೆ ಇಳಿದರು. ಅದೂ ಬೀದಿಯಲ್ಲಿ ಸೈನಿಕರು ತಿರುಗುತ್ತಿದ್ದ ಕಾಲದಲ್ಲಿ. ಆ ಯುದ್ಧದಲ್ಲಿ ಸತ್ತವರು, ಕಾಣೆಯಾದವರು ಸುಮಾರು 69 ಸಾವಿರ ಅಂತ ಪೆರುವಿನ ಸತ್ಯ ಆಯೋಗ 2003ರಲ್ಲಿ ಅಂದಾಜು ಮಾಡಿತು. ಆಯೋಗದ ಮುಂದೆ ಸಾಕ್ಷಿ ಹೇಳಲು ಇಂಥ ಹೆಂಗಸರು ಬಂದಿರದಿದ್ದರೆ ಆ ಲೆಕ್ಕ ಎಲ್ಲಿಂದ ಬರುತ್ತಿತ್ತು?

ಇನ್ನೊಂದು ಸರಳ ಕಾರಣವನ್ನೂ ನಾವು ಮರೆಯುತ್ತೇವೆ. ಗಂಡಸರು ಗೇಟಿಗೆ ಹೋದರೆ ಅವರನ್ನೂ ಒಳಗೆ ಹಾಕುತ್ತಿದ್ದರು. ಹೆಂಗಸರು ಹೋದರೆ ಆ ಅಪಾಯ ಸ್ವಲ್ಪ ಕಡಿಮೆ. ಪೂರ್ತಿ ಇಲ್ಲ ಅಂತಲ್ಲ, ಸ್ವಲ್ಪ ಕಡಿಮೆ. ಅಷ್ಟೇ ಜಾಗದಲ್ಲಿ ಕಾಲಿಟ್ಟರು. ಶ್ರೀಲಂಕಾದ ಜಾಫ್ನಾದಲ್ಲಿ 1984ರಲ್ಲಿ ಸರ್ಕಾರಿ ಪಡೆಗಳು ನೂರಾರು ತಮಿಳು ಯುವಕರನ್ನು ಹಿಡಿದೊಯ್ದಾಗ ತಾಯಂದಿರು ಸಂಘಟನೆ ಕಟ್ಟಿ ಸರ್ಕಾರಿ ಕಚೇರಿಗೆ ಮೆರವಣಿಗೆ ಹೋದರು. ಅಲ್ಲೂ ಅದನ್ನು ಕಚ್ಚೇರಿ ಅಂತಲೇ ಕರೆಯುತ್ತಾರೆ. ಓದಿದಾಗ ಮೈ ಜುಂ ಅಂದಿತ್ತು.

ಕರುಳಿನ ಮಾತು ಸಾಲದೇ ಹೋಗೋದು ಅದೇ ಜಾಫ್ನಾದ ರಜನಿ ತಿರಣಗಮ ಅವರ ಮುಂದೆ. ಅವರು ಡಾಕ್ಟರು. ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ವಿಭಾಗದ ಮುಖ್ಯಸ್ಥೆ. ಮೊದಲು ತಮಿಳರ ಪ್ರತ್ಯೇಕ ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಪರವಾಗಿಯೇ ಇದ್ದರು, ಗಾಯಗೊಂಡ ಹುಡುಗರಿಗೆ ಚಿಕಿತ್ಸೆ ಕೊಟ್ಟಿದ್ದರು. ಆಮೇಲೆ ಆ ಸಂಘಟನೆ ಮಾಡುವುದನ್ನು ನೋಡಿ ದೂರವಾದರು. 1988ರಲ್ಲಿ ಸಹೋದ್ಯೋಗಿಗಳ ಜೊತೆ ಮಾನವ ಹಕ್ಕುಗಳ ಗುಂಪು ಕಟ್ಟಿದರು. ಜನರಿಂದ ಕೇಳಿ ಕೇಳಿ ಬರೆದರು. ಶ್ರೀಲಂಕಾ ಸೇನೆ ಮಾಡಿದ್ದನ್ನೂ ಬರೆದರು, ಎಲ್‌ಟಿಟಿಇ ಮಾಡಿದ್ದನ್ನೂ ಬರೆದರು. 1987ರಲ್ಲಿ ಶಾಂತಿ ಕಾಪಾಡಲು ಅಂತ ಹೋಗಿದ್ದ ನಮ್ಮ ಭಾರತದ ಸೇನೆ ಮಾಡಿದ್ದನ್ನೂ ಬರೆದರು. ಅದನ್ನು ಓದುವುದು ನಮಗೆ ಕಷ್ಟ. ಆದರೂ ಓದಬೇಕು.

1989ರ ಸೆಪ್ಟೆಂಬರ್ 21ರಂದು ವಿಶ್ವವಿದ್ಯಾಲಯದಿಂದ ಸೈಕಲ್ಲಿನಲ್ಲಿ ಮನೆಗೆ ಬರುವಾಗ ಅವರನ್ನು ಗುಂಡಿಟ್ಟು ಕೊಂದರು. ಎಲ್‌ಟಿಟಿಇಯವರೇ ಕೊಂದಿದ್ದು ಅಂತ ಸಂಗಾತಿಗಳು ಹೇಳುತ್ತಾ ಬಂದಿದ್ದಾರೆ. ಅವರಿಗಾಗ 35 ವರ್ಷ. ಇಬ್ಬರು ಸಣ್ಣ ಹೆಣ್ಣುಮಕ್ಕಳಿದ್ದರು. ಕರುಳು ತನ್ನ ಮಕ್ಕಳಿಗಾಗಿ ಅಳುತ್ತದೆ, ಸಹಜ. ತನ್ನವರೇ ಕೊಂದ ಪರರ ಮಕ್ಕಳ ಲೆಕ್ಕ ಬರೆದಿಡೋದಕ್ಕೆ ಬೇರೆಯದೇ ಒಂದು ಗಟ್ಟಿತನ ಬೇಕು. ಅದಕ್ಕೆ ಬುದ್ಧಿ, ನ್ಯಾಯ ಅನ್ನೋ ಹೆಸರು ಕೊಡಲು ನಮಗೆ ಯಾಕೆ ಇಷ್ಟು ಸಂಕೋಚ? ಇದೇ ಕೆಲಸವನ್ನು ಒಬ್ಬ ಗಂಡಸು ಮಾಡಿದ್ದರೆ ತಂದೆ ಕರುಳು ಅಂತಿದ್ವಾ?

ನಮ್ಮ ಕಾರವಾರದ ಮೀನು ಮಾರ್ಕೆಟ್ಟಿನ ಬಾಯಂದಿರಿಗೆ ಹೇಳಬೇಕು ಅನ್ನಿಸುವ ಕಥೆಯೊಂದು ಇದೆ. ಲೈಬೀರಿಯಾದ ರಾಜಧಾನಿ ಮೊನ್ರೊವಿಯಾದಲ್ಲಿ 2003ರಲ್ಲಿ ಲೇಮಾ ಬೋವೀ ಎಂಬಾಕೆ ಮತ್ತು ಸಾವಿರಾರು ಹೆಂಗಸರು, ಕ್ರೈಸ್ತರು ಮುಸ್ಲಿಮರು ಒಟ್ಟಿಗೆ, ಬಿಳಿ ಬಟ್ಟೆ ಹಾಕಿಕೊಂಡು ಮೀನು ಮಾರುಕಟ್ಟೆಯ ಪಕ್ಕದ ಮೈದಾನದಲ್ಲಿ ಅಂತರ್ಯುದ್ಧ ನಿಲ್ಲಲಿ ಅಂತ ಕೂತರು. ದಿನವೂ, ಬಿಸಿಲು ಮಳೆ ಅನ್ನದೆ. ಆ ಜಾಗವನ್ನು ಸುಮ್ನೆ ಆರಿಸಿದ್ದಲ್ಲ. ಅಧ್ಯಕ್ಷ ಚಾರ್ಲ್ಸ್ ಟೇಲರ್‌ನ ಕಾರು ಓಡಾಡುವ ದಾರಿ ಅದು. ಘಾನಾದಲ್ಲಿ ಶಾಂತಿ ಮಾತುಕತೆ ಎಳೆದಾಡಿದಾಗ ಸಭಾಂಗಣದ ಬಾಗಿಲಿಗೇ ಅಡ್ಡ ಕೂತರು. ಆಗಸ್ಟಿನಲ್ಲಿ ಒಪ್ಪಂದ ಆಯಿತು.

ಯಾರ ಬಾಗಿಲಲ್ಲಿ ಕೂರಬೇಕು ಅನ್ನೋ ಲೆಕ್ಕ ನಮ್ಮ ಜಿಲ್ಲೆಗೆ ಹೊಸದಲ್ಲ. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆ ಕಾಲದಲ್ಲಿ ಜಪ್ತಿಯಾದ ಜಮೀನನ್ನು ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಸಿದ್ದಾಪುರದ ಹೆಂಗಸರು ಉಪವಾಸ ಕೂತಿದ್ದರು. ಅವರನ್ನೂ ನಾವು ತ್ಯಾಗಮಯಿ ತಾಯಂದಿರು ಅಂತ ಹಾರ ಹಾಕಿ ಮುಗಿಸಿಬಿಟ್ಟಿದ್ದೇವೆ.

ಕಾರ್ಯಕ್ರಮ ಮುಗಿಸಿ ಸೀದಾ ಅತ್ತೆ ಮನೆಗೆ ಹೋದೆ. ತಾರ್ಲೆ ಮೀನು ಸ್ವಚ್ಛ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ಆಂಜೆಲಿಕಾ ಕಥೆ ಹೇಳಿದೆ. ಆ ಸೇನಾ ನೆಲೆಯಲ್ಲಿ ಆಮೇಲೆ ಅಗೆದಾಗ ನೂರಕ್ಕೂ ಜಾಸ್ತಿ ಜನರ ಅವಶೇಷ ಸಿಕ್ಕಿದ್ದು, 34 ವರ್ಷ ಕಾದ ಮೇಲೆ 2017ರ ಆಗಸ್ಟಿನಲ್ಲಿ ಇಬ್ಬರು ಮಾಜಿ ಸೇನಾಧಿಕಾರಿಗಳಿಗೆ ಶಿಕ್ಷೆ ಆಗಿದ್ದು, ಅದಾಗಿ ಎರಡು ವಾರದೊಳಗೆ ಆಂಜೆಲಿಕಾ ತೀರಿಕೊಂಡಿದ್ದು, ಎಲ್ಲ ಹೇಳಿದೆ.

"ಮಗ ಸಿಕ್ಕಿದ್ನಾ?" ಅಂದಳು.

ಇಲ್ಲ ಅಂದೆ.

ಕೈ ತೊಳೆದು ಬಂದು ಮತ್ತೆ ಕೇಳಿದಳು. "ಉಳ್ದವ್ರ ಮಕ್ಕಳು?"

ಕೆಲವರ ಮೂಳೆ ಸಿಕ್ಕಿತು ಅತ್ತೆ, ಮನೆಯವರಿಗೆ ಕೊಟ್ಟರು ಅಂದೆ.